ಒಂದೇ ಫೈಲು, ಇಬ್ಬರು ಯಜಮಾನರು
ಸರ್ವರ್ ನೋಡಿಕೊಳ್ಳುವ ಕೇಳುಗ ಮಿತ್ರರೇ, ನೀವು ತಿದ್ದಿದ ರಿಸಾಲ್ವ್ ಡಾಟ್ ಕಾನ್ಫ್ ಫೈಲು ಅರ್ಧ ಗಂಟೆಯೊಳಗೆ ಮತ್ತೆ ಮೊದಲಿನಂತಾಯಿತೇ? ವೈರಸ್ ಎಂದು ಗಾಬರಿಯಾಗಬೇಡಿ. ಪಪೆಟ್ ತಂತ್ರಾಂಶ ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ ಫೈಲನ್ನು ತನ್ನ ಪಟ್ಟಿಯಂತೆ ಸರಿಪಡಿಸುತ್ತದೆ. ನೆಟ್‌ವರ್ಕ್ ಮ್ಯಾನೇಜರ್ ಕೂಡ ಅದನ್ನೇ ತನ್ನಿಷ್ಟದಂತೆ ಬರೆಯುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ! ನಡುವೆ ಡಿಎನ್‌ಎಸ್ ವಿಳಾಸ ತಪ್ಪಿದರೆ ಸೈಟುಗಳು ಒಮ್ಮೆ ಸಿಗುತ್ತವೆ, ಒಮ್ಮೆ ಇಲ್ಲ.

ಮೊದಲು ಲಾಗ್ ನೋಡಿ. ಪ್ರತಿ ಸರದಿಯಲ್ಲೂ ಅದೇ ಫೈಲು ಬದಲಾಗುತ್ತಿದ್ದರೆ ಜಗಳ ಇರುವುದು ಅಲ್ಲೇ. ನಂತರ ಪಪೆಟನ್ನು ಟೆಸ್ಟ್ ಮತ್ತು ನೋಆಪ್ ಆಯ್ಕೆಗಳೊಂದಿಗೆ ಓಡಿಸಿ. ಅದು ಏನನ್ನೂ ಮುಟ್ಟದೆ ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ. ಕೊನೆಗೆ ಒಬ್ಬರಿಗೇ ಯಜಮಾನಿಕೆ ಕೊಡಿ. ಪಪೆಟ್‌ಗೇ ಬಿಡುವುದಾದರೆ ನೆಟ್‌ವರ್ಕ್ ಮ್ಯಾನೇಜರ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಮುಂದೆ 'ನನ್' ಎಂದು ಬರೆದು, ಅದನ್ನು ರೀಸ್ಟಾರ್ಟ್ ಮಾಡಿ. ಮುಂದೆ ತಿದ್ದುವುದೆಲ್ಲ ಪಪೆಟ್ ಪಟ್ಟಿಯಲ್ಲೇ ಆಗಲಿ, ರಾತ್ರಿ ನಿದ್ದೆ ನಿಮ್ಮದಾಗಲಿ!