ಆಂಡ್ರಾಯ್ಡ್ ಬಿಟ್ಟು ಐಫೋನ್‌ಗೆ ಹೋಗುವ ಯೋಚನೆಯೇ? ಬಿಲ್ ಮಾಡಿಸುವ ಮುನ್ನ ಈ 5 ಲೆಕ್ಕ ಹಾಕಿ

ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಸ್ಟೋರೇಜ್ ತುಂಬಿದೆ ಎಂಬ ಸಂದೇಶ ದಿನಕ್ಕೆರಡು ಸಲ. ಹೊಸ ಫೋನ್ ಕೊಳ್ಳುವುದಂತೂ ಖಚಿತ. ಆದರೆ ಮತ್ತೆ ಆಂಡ್ರಾಯ್ಡ್ ಸಾಕೇ, ಅಥವಾ ಇಎಂಐ ಮಾಡಿಸಿಯಾದರೂ ಈ ಬಾರಿ ಐಫೋನ್ ತೆಗೆದುಕೊಳ್ಳಬೇಕೇ? ಹೆಚ್ಚಿನವರು ಕ್ಯಾಮೆರಾ ಮತ್ತು ಬೆಲೆ ಹೋಲಿಸಿ ತೀರ್ಮಾನಿಸುತ್ತಾರೆ. ಹಳೆಯ ಫೋನ್‌ನಲ್ಲಿರುವುದೆಲ್ಲ ಹೊಸದಕ್ಕೆ ಬರುತ್ತದೆಯೇ ಎಂಬ ಪ್ರಶ್ನೆ ನೆನಪಾಗುವುದು ಮನೆಗೆ ಬಂದ ಮೇಲೆ.

ಹೈದರಾಬಾದ್‌ನ ಮಿಯಾಪುರದ ಒಂದು ಉದಾಹರಣೆ ನೋಡೋಣ. ಮೆಟ್ರೋ ಕೆಂಪು ಮಾರ್ಗದ ಕೊನೆಯ ನಿಲ್ದಾಣ ಇದು. 2017ರ ನವೆಂಬರ್‌ನಲ್ಲಿ ನಗರದ ಮೊದಲ ಮೆಟ್ರೋ ಉದ್ಘಾಟನೆಯಾಗಿದ್ದೂ ಇಲ್ಲೇ. ಬೀದರ್ ಕಡೆಯಿಂದ ಜಹೀರಾಬಾದ್ ಮೇಲೆ ಮುಂಬೈ ಹೆದ್ದಾರಿಯಲ್ಲಿ ಬರುವವರು ನಗರ ಸೇರುವ ದಾರಿಯೂ ಇದೇ. ಇಲ್ಲಿ ಬಾಡಿಗೆ ಮನೆಯಲ್ಲಿದ್ದು ಹೈಟೆಕ್ ಸಿಟಿಗೆ ಕೆಲಸಕ್ಕೆ ಹೋಗುವ ಯುವತಿಯೊಬ್ಬಳು ಫೋನ್ ಬದಲಿಸುತ್ತಿದ್ದಾಳೆ ಎಂದುಕೊಳ್ಳಿ. ಅಪ್ಪ, ಅಮ್ಮ ಬೀದರ್‌ನಲ್ಲಿದ್ದಾರೆ. ಅವಳ ಹಳೆಯ ಆಂಡ್ರಾಯ್ಡ್ ಫೋನ್ ಅಮ್ಮನ ಕೈ ಸೇರಲಿದೆ. ಹಾಗಾಗಿ ಅವಳು ಮಾಡುವ ಆಯ್ಕೆ ಎರಡು ಮನೆಗಳಿಗೆ ಸಂಬಂಧಿಸಿದ್ದು.

1. ವಾಟ್ಸ್ಆ್ಯಪ್ ಚಾಟ್ ತಾನಾಗಿ ಬರುವುದಿಲ್ಲ

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಆಂಡ್ರಾಯ್ಡ್‌ನಲ್ಲಿ ವಾಟ್ಸ್ಆ್ಯಪ್ ಬ್ಯಾಕಪ್ ಇರುವುದು ಗೂಗಲ್ ಖಾತೆಯಲ್ಲಿ, ಐಫೋನ್‌ನಲ್ಲಿ ಐಕ್ಲೌಡ್‌ನಲ್ಲಿ. ಒಂದರ ಬ್ಯಾಕಪ್ ಇನ್ನೊಂದರಲ್ಲಿ ತೆರೆಯುವುದಿಲ್ಲ. ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಹೋಗುವವರು ಆ್ಯಪಲ್‌ನ 'ಮೂವ್ ಟು ಐಒಎಸ್' ಆ್ಯಪ್ ಬಳಸಿ ಚಾಟ್ ಸಾಗಿಸಬಹುದು. ಇದಕ್ಕೆ ಎರಡು ಷರತ್ತುಗಳಿವೆ: ಎರಡೂ ಫೋನ್‌ನಲ್ಲಿ ಅದೇ ಮೊಬೈಲ್ ಸಂಖ್ಯೆ ಇರಬೇಕು, ಮತ್ತು ಐಫೋನ್ ಹೊಸದಾಗಿರಬೇಕು ಇಲ್ಲವೇ ಫ್ಯಾಕ್ಟರಿ ರೀಸೆಟ್ ಆಗಿರಬೇಕು.

ಅಂಗಡಿಯಲ್ಲೇ ಆತುರದಿಂದ ಸೆಟಪ್ ಮುಗಿಸಿಬಿಟ್ಟರೆ ಚಾಟ್ ತರಲು ಫೋನ್ ಅಳಿಸಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಊರಿನಿಂದ ಅಪ್ಪ ವರ್ಷಗಟ್ಟಲೆ ಕಳಿಸಿದ ಧ್ವನಿ ಸಂದೇಶಗಳು ಇರುವುದು ಆ ಚಾಟ್‌ನಲ್ಲೇ. ಆದ್ದರಿಂದ ಮನೆಗೆ ಬಂದು, ಎರಡೂ ಫೋನ್ ಚಾರ್ಜಿಂಗ್‌ಗೆ ಹಾಕಿ, ವೈಫೈ ಇರುವಲ್ಲಿ ನಿಧಾನವಾಗಿ ಮಾಡಿ. ಎಲ್ಲವೂ ಬಂದಿದೆ ಎಂದು ತೆರೆದು ನೋಡುವವರೆಗೆ ಹಳೆಯ ಫೋನ್ ಅಳಿಸಬೇಡಿ.

ಫೋಟೋಗಳ ಚಿಂತೆ ಇಷ್ಟಿಲ್ಲ. ಗೂಗಲ್ ಫೋಟೋಸ್‌ನಲ್ಲಿದ್ದರೆ ಅದೇ ಆ್ಯಪ್ ಐಫೋನ್‌ನಲ್ಲೂ ಸಿಗುತ್ತದೆ. ಆದರೆ ಗೂಗಲ್ ಉಚಿತವಾಗಿ ಕೊಡುವ ಜಾಗ 15 ಜಿಬಿ, ಐಕ್ಲೌಡ್‌ನಲ್ಲಿ ಕೇವಲ 5 ಜಿಬಿ. ಹೆಚ್ಚು ಬೇಕಿದ್ದರೆ ತಿಂಗಳ ಶುಲ್ಕ ಕಟ್ಟಬೇಕು.

2. ಕನ್ನಡದಲ್ಲಿ ಟೈಪ್ ಮಾಡಿ ನೋಡಿ

ಆಂಡ್ರಾಯ್ಡ್ 2014ರ 5.0 ಆವೃತ್ತಿಯಲ್ಲೇ ಮೆನು ಸಹಿತ ಕನ್ನಡಕ್ಕೆ ಬಂತು. ಐಫೋನ್‌ನಲ್ಲೂ ಈಗ ಕನ್ನಡ ಕೀಬೋರ್ಡ್ ಇದೆ. ಆದರೆ ಕೀಲಿಗಳ ಜೋಡಣೆ ಒಂದೇ ಅಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಪಡೆಯುವ ಅಭ್ಯಾಸವಿದ್ದವರಿಗೆ ಈ ಬದಲಾವಣೆ ಬೇಗ ಗೊತ್ತಾಗುತ್ತದೆ. ಕನ್ನಡ, ತೆಲುಗು, ಹಿಂದಿ ಮೂರನ್ನೂ ದಿನವೂ ಬಳಸುವ ಹೈದರಾಬಾದ್ ಕನ್ನಡಿಗರಿಗೆ ಇದು ಸಣ್ಣ ವಿಷಯವಲ್ಲ. ಅಂಗಡಿಯ ಡೆಮೊ ಫೋನ್‌ನಲ್ಲಿ ನಿಮ್ಮ ಹೆಸರು ಮತ್ತು 'ಸ್ವಾತಂತ್ರ್ಯ' ಎಂಬ ಪದ ಟೈಪ್ ಮಾಡಿ. ಒತ್ತಕ್ಷರ ಎಷ್ಟು ಸಲೀಸಾಗಿ ಬರುತ್ತದೆ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

3. ಯುಪಿಐ, ಸಿಮ್ ಮತ್ತು ಮೆಮೊರಿ ಕಾರ್ಡ್

ಯುಪಿಐ ಆ್ಯಪ್‌ಗಳು ಎರಡರಲ್ಲೂ ಇವೆ. ಬ್ಯಾಂಕ್‌ಗೆ ಜೋಡಿಸಿದ ಸಿಮ್ ಹೊಸ ಫೋನ್‌ನಲ್ಲಿರಬೇಕು ಮತ್ತು ಅದರಿಂದ ಎಸ್ಎಂಎಸ್ ಹೋಗಬೇಕು. ಹೊಸ ಫೋನ್‌ನಲ್ಲಿ ನೋಂದಣಿಯಾದ ಆರಂಭದಲ್ಲಿ ಕಳಿಸಬಹುದಾದ ಹಣಕ್ಕೆ ಕಡಿಮೆ ಮಿತಿ ಇರುತ್ತದೆ. ಆದ್ದರಿಂದ ಮನೆ ಬಾಡಿಗೆ ಕಟ್ಟುವ ದಿನವೇ ಫೋನ್ ಬದಲಿಸದಿರುವುದು ಒಳಿತು.

ಐಫೋನ್‌ನಲ್ಲಿ ಮೆಮೊರಿ ಕಾರ್ಡ್ ಹಾಕುವಂತಿಲ್ಲ. ಭಾರತದಲ್ಲಿ ಸಿಗುವ ಬಹುತೇಕ ಐಫೋನ್‌ಗಳಲ್ಲಿ ಒಂದು ಸಿಮ್ ಕಾರ್ಡ್, ಇನ್ನೊಂದು ಇ-ಸಿಮ್. ಊರಿನ ಸಂಖ್ಯೆ, ಹೈದರಾಬಾದ್ ಸಂಖ್ಯೆ ಎರಡನ್ನೂ ಇಟ್ಟುಕೊಂಡವರು ಒಂದನ್ನು ಇ-ಸಿಮ್ ಮಾಡಿಸಬೇಕು. ಪ್ಲೇ ಸ್ಟೋರ್‌ನಲ್ಲಿ ಹಣ ಕೊಟ್ಟು ಕೊಂಡ ಆ್ಯಪ್‌ಗಳಿದ್ದರೆ ಐಫೋನ್‌ನಲ್ಲಿ ಮತ್ತೆ ಕೊಳ್ಳಬೇಕಾಗಬಹುದು.

4. ಬೆಲೆಯನ್ನು ವರ್ಷದಿಂದ ಭಾಗಿಸಿ

ಗಟ್ಟಿಯಾಗಿರುವ ಫೋನ್ ಕೂಡ ಅಪ್‌ಡೇಟ್ ನಿಂತರೆ ಮೂಲೆ ಸೇರುತ್ತದೆ. 2019ರ ಡಿಸೆಂಬರ್ 31ರ ನಂತರ ವಿಂಡೋಸ್ ಫೋನ್‌ಗಳಲ್ಲಿ ವಾಟ್ಸ್ಆ್ಯಪ್ ಬೆಂಬಲ ನಿಂತಾಗ ಅದನ್ನು ಬಳಸುತ್ತಿದ್ದವರಿಗೆ ಇದರ ಅನುಭವವಾಗಿದೆ.

2018ರಲ್ಲಿ ಬಂದ ಐಫೋನ್ ಎಕ್ಸ್ಆರ್‌ಗೆ 2024ರ ಐಒಎಸ್ 18 ಕೂಡ ಸಿಕ್ಕಿತು. ಗೂಗಲ್ ಪಿಕ್ಸೆಲ್ 8 ಮತ್ತು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ರಿಂದ ಆಂಡ್ರಾಯ್ಡ್‌ನ ದುಬಾರಿ ಫೋನ್‌ಗಳಿಗೂ 7 ವರ್ಷದ ಭರವಸೆ ಬಂದಿದೆ. ಕಡಿಮೆ ಬೆಲೆಯ ಆಂಡ್ರಾಯ್ಡ್‌ಗಳಲ್ಲಿ ಈ ಅವಧಿ ಕಡಿಮೆ. ಕೊಳ್ಳುವ ಮಾದರಿಗೆ ಎಷ್ಟು ವರ್ಷ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿಕೊಳ್ಳಿ.

ಲೆಕ್ಕ ಸರಳ. 24,000 ರೂಪಾಯಿಯ ಫೋನ್ 4 ವರ್ಷ ಬಾಳಿದರೆ ವರ್ಷಕ್ಕೆ 6,000. 72,000 ರೂಪಾಯಿಯದು 6 ವರ್ಷ ಬಾಳಿದರೆ ವರ್ಷಕ್ಕೆ 12,000. ಕೊನೆಗೆ ಅದನ್ನು 18,000ಕ್ಕೆ ಮಾರಿದರೂ ವರ್ಷಕ್ಕೆ 9,000 ಬೀಳುತ್ತದೆ. ಇಎಂಐ ಬಡ್ಡಿ, ಕವರ್, ಸ್ಟೋರೇಜ್ ಶುಲ್ಕ ಬೇರೆ. ದುಬಾರಿ ಫೋನ್ ಹೆಚ್ಚು ಕಾಲ ಬರುತ್ತದೆ ನಿಜ, ಆದರೆ ಅದರಿಂದಲೇ ಅಗ್ಗವಾಗುವುದಿಲ್ಲ.

5. ಮನೆಯವರ ಕೈಯಲ್ಲಿ ಯಾವ ಫೋನ್ ಇದೆ?

ಭಾರತದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸ್ಮಾರ್ಟ್‌ಫೋನ್‌ಗಳು ಆಂಡ್ರಾಯ್ಡ್. ಬೀದರ್‌ನಿಂದ ಅಮ್ಮ ಕರೆ ಮಾಡಿ "ಅಕ್ಷರ ಸಣ್ಣದಾಗೇದ, ದೊಡ್ಡದು ಹ್ಯಾಂಗ್ ಮಾಡಬೇಕು?" ಎಂದು ಕೇಳಿದಾಗ ಮಗಳ ಕೈಯಲ್ಲೂ ಅಂಥದ್ದೇ ಫೋನ್ ಇದ್ದರೆ ಹೇಳಿಕೊಡುವುದು ಸುಲಭ. ಮುಂದೆ ಅವಳ ಐಫೋನ್ ಅಮ್ಮನಿಗೆ ಹೋದರೆ, ಅಮ್ಮ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಸ್ಕ್ರೀನ್ ಒಡೆದರೆ ಊರಿನ ಹತ್ತಿರ ಅಧಿಕೃತ ಸರ್ವಿಸ್ ಸೆಂಟರ್ ಇದೆಯೇ ಎಂಬುದನ್ನೂ ಮೊದಲೇ ವಿಚಾರಿಸಿ.

ಹಾಗಾದರೆ ಯಾವುದು?

ಮನೆಯವರೆಲ್ಲ ಆಂಡ್ರಾಯ್ಡ್‌ನಲ್ಲಿದ್ದು, ಬಜೆಟ್ 30,000ದೊಳಗಿದ್ದರೆ ಅಲ್ಲೇ ಉಳಿಯುವುದು ಲಾಭ. ಕಚೇರಿ ಕೆಲಸ ಮ್ಯಾಕ್‌ನಲ್ಲಿ ನಡೆಯುತ್ತಿದ್ದು, ಐದಾರು ವರ್ಷ ಅದೇ ಫೋನ್ ಬಳಸುವ ಮನಸ್ಸಿದ್ದು, ಸಾಲವಿಲ್ಲದೆ ಕೊಳ್ಳಲು ಆಗುವುದಾದರೆ ಐಫೋನ್ ತೆಗೆದುಕೊಳ್ಳಬಹುದು. ಇನ್ನೊಬ್ಬರ ಕೈಯಲ್ಲಿದೆ ಎಂಬುದೊಂದೇ ಕಾರಣವಾದರೆ ಒಂದು ವಾರ ತಡೆಯಿರಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಫೋನ್‌ನಲ್ಲಿ *#06# ಒತ್ತಿ ಐಎಂಇಐ ಸಂಖ್ಯೆ ಪಡೆದು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸಬೇಕು. ಹಳೆಯ ಫೋನ್ ಕೊಡುವವರು ಮೊದಲು ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಲಾಗ್ ಔಟ್ ಆಗಿ, ಆಮೇಲೆ ರೀಸೆಟ್ ಮಾಡಬೇಕು. ಇಲ್ಲದಿದ್ದರೆ ಮಿಯಾಪುರದಿಂದ ಕಳಿಸಿದ ಫೋನ್ ಬೀದರ್ ತಲುಪಿದ ಮೇಲೆ ಹಳೆಯ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ.