ಅರಿಶಿನ ಹಾಲಿಗೆ ಕಾಳುಮೆಣಸು ಯಾಕೆ?

ಮುಂಬೈ ಮಳೆ ಶುರುವಾದ್ರೆ ಪೊವಾಯಿ, ಐರೋಲಿ ಆಫೀಸುಗಳ ಎಸಿಯಲ್ಲಿ ಕೂತವರಿಗೆ ಗಂಟಲು ಕೆರೆತ ಗ್ಯಾರಂಟಿ. ಇಲ್ಲಿಯವರ ಹಲ್ದಿ ದೂಧ್, ನಮ್ಮ ಅರಿಶಿನ ಹಾಲು.

ತಬೇಲಾದ ಎಮ್ಮೆ ಹಾಲು ಸಿಕ್ಕರೆ ಒಳ್ಳೇದು; ಪ್ಯಾಕೆಟ್ ಆದ್ರೆ ಫುಲ್ ಕ್ರೀಮ್ ತಗೊಳ್ಳಿ, ಅದರಲ್ಲಿ 6% ಕೊಬ್ಬು ಇರುತ್ತೆ. ಅರಿಶಿನದ ಕರ್ಕ್ಯುಮಿನ್ ನೀರಲ್ಲಿ ಕರಗೋದೇ ಕಷ್ಟ, ಕೊಬ್ಬು ಬೇಕು. ಒಂದು ಲೋಟ ಹಾಲಿಗೆ ಕಾಲು ಟೀ ಚಮಚ ಅರಿಶಿನ, ಕುಟ್ಟಿದ ನಾಲ್ಕು ಕಾಳುಮೆಣಸು, ಚಿಟಿಕೆ ಒಣಶುಂಠಿ ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಕಾಯಿಸಿ. ಹಸಿ ಶುಂಠಿ ಹಾಕಿದ್ರೆ ಹಾಲು ಒಡೀಬಹುದು. ಬೆಲ್ಲ, ಒಲೆ ಆರಿಸಿದ ಮೇಲೇ.

ಈಗ ಮೆಣಸಿನ ವಿಷಯ. 1998ರಲ್ಲಿ ಪ್ರಕಟವಾದ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದ್ರು. ಕರ್ಕ್ಯುಮಿನ್ ರಕ್ತಕ್ಕೆ ಸೇರೋದು ಸುಮಾರು 20 ಪಟ್ಟು ಹೆಚ್ಚಾಯ್ತು. ಇದನ್ನೇ ಹಿಡ್ಕೊಂಡು ಈಗ ಮಾತ್ರೆ ಮಾರ್ತಾರೆ. ಆದ್ರೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರೋದು ಸುಮಾರು 3%. ಆ 2 ಗ್ರಾಂ ಎಲ್ಲಿ, ನಮ್ಮ ಲೋಟದ 20 ಮಿಲಿಗ್ರಾಂ ಎಲ್ಲಿ! ಗಂಟಲಿಗೆ ಹಿತ ಅಂತ ಕುಡೀರಿ, ಅಷ್ಟು ಸಾಕು. ಮಾತ್ರೆ ಬೇರೆ ಲೆಕ್ಕ; ಅದರಿಂದ ಲಿವರ್‌ಗೆ ತೊಂದರೆಯಾದ ಕೇಸುಗಳಿವೆ. ಊರಲ್ಲಿ ಅಪ್ಪ-ಅಮ್ಮ ರಕ್ತ ತೆಳು ಮಾಡೋ ಔಷಧ ತಗೊಳ್ತಿದ್ರೆ, ಆನ್‌ಲೈನಲ್ಲಿ ಆರ್ಡರ್ ಮಾಡಿ ಕಳಿಸೋ ಮೊದಲು ಅವರ ಡಾಕ್ಟರನ್ನ ಕೇಳಿ.