ಚಿಂತೆ, ಭಯ ಮತ್ತು ಕ್ರೈಸ್ತ ವಿಶ್ವಾಸ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಸಮರ್ಥರಾದ ಹಿರಿಯರಿದ್ದಾರೆಂದು ವಿನಯಪೂರ್ವಕವಾಗಿ ತಿಳಿಸಿದೆನು. ಹಾಗಿದ್ದರೆ ಈಚಿನ ವರ್ಷಗಳಲ್ಲಿ ನಮ್ಮ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಬಿಡದೆ ಕಾಡುತ್ತಿರುವ ಚಿಂತೆ ಮತ್ತು ಭಯಗಳ ವಿಷಯವಾಗಿ ಕ್ರೈಸ್ತ ಧರ್ಮ ಏನು ಹೇಳುತ್ತದೆಂಬುದನ್ನು ತಿಳಿಯುವ ಮಾತಿನಲ್ಲಿ ಬರೆಯಬಹುದಲ್ಲವೇ ಎಂದರು. ಒಪ್ಪಿಕೊಂಡೆನು. ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ. ಕ್ರೈಸ್ತ ಮನೆತನದಲ್ಲಿ ಹುಟ್ಟಿ ಬೆಳೆದವನು. ಈ ಪುಟಗಳನ್ನು ಓದುವವರಲ್ಲಿ ಹೆಚ್ಚಿನವರು ಬೇರೆ ಬೇರೆ ಮತಗಳವರೆಂಬುದು ನನಗೆ ತಿಳಿದಿದೆ. ಆದುದರಿಂದ ಇದು ಪ್ರಸಂಗವಲ್ಲ. ನೆರೆಮನೆಯವನು ತನ್ನ ಮನೆಯ ದೀಪ ಹೇಗೆ ಉರಿಯುತ್ತದೆಂದು ಹೇಳುವಂತಹ ಮಾತು.

ಮೊದಲು ಶಬ್ದದಿಂದಲೇ ಆರಂಭಿಸೋಣ. ಚಿತೆಗೂ ಚಿಂತೆಗೂ ಇರುವ ವ್ಯತ್ಯಾಸ ಒಂದು ಸೊನ್ನೆ ಮಾತ್ರ. ಒಂದು ಸತ್ತವರನ್ನು ಸುಡುತ್ತದೆ, ಇನ್ನೊಂದು ಬದುಕಿರುವವರನ್ನು ಸುಡುತ್ತದೆ ಎಂದು ನಮ್ಮ ಹಿರಿಯರು ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಇದಕ್ಕಿಂತಲೂ ಗಮನಿಸತಕ್ಕ ಸಂಗತಿಯೆಂದರೆ, ಚಿಂತೆ ಮತ್ತು ಚಿಂತನೆ ಎರಡೂ ಒಂದೇ ಧಾತುವಿನಿಂದ ಬಂದ ಶಬ್ದಗಳು. ಆಲೋಚನೆ ದಾರಿ ತಪ್ಪಿ, ಗಾಣದ ಎತ್ತಿನಂತೆ ಒಂದೇ ಸುತ್ತಿನಲ್ಲಿ ತಿರುಗತೊಡಗಿದರೆ ಅದು ಚಿಂತೆಯಾಗುತ್ತದೆ. ಎತ್ತು ದಣಿಯುತ್ತದೆ, ಊರು ಬರುವುದಿಲ್ಲ.

ಭಯವು ಹಾಗಲ್ಲ. ಅದಕ್ಕೆ ಎದುರಿನಲ್ಲಿ ಒಂದು ಕಾರಣವಿರುತ್ತದೆ. ಎದೆ ಬಡಿತವನ್ನೂ ಕಾಲಿನ ವೇಗವನ್ನೂ ಹೆಚ್ಚಿಸಿ ಪ್ರಾಣವನ್ನು ಉಳಿಸುವುದಕ್ಕೆಂದೇ ಅದು ನಮ್ಮ ದೇಹದಲ್ಲಿದೆ. 2009ರ ಅಕ್ಟೋಬರ್ ಮೊದಲ ವಾರದಲ್ಲಿ ಕೃಷ್ಣೆ, ತುಂಗಭದ್ರೆಗಳು ಉಕ್ಕಿ ಹರಿದು ರಾಯಚೂರು, ಗದ್ವಾಲ, ಅಲಂಪುರ, ಕರ್ನೂಲು ಭಾಗಗಳನ್ನು ಮುಳುಗಿಸಿದಾಗ, ಭಯಪಟ್ಟು ಮಕ್ಕಳನ್ನು ಹೆಗಲಿಗೇರಿಸಿಕೊಂಡು ಎತ್ತರದ ಜಾಗಕ್ಕೆ ಓಡಿದವರು ಬದುಕಿದರು. ಅಂತಹ ಭಯವನ್ನು ಯಾವ ಧರ್ಮವೂ ನಿಂದಿಸಲಾರದು. ಆದರೆ ನೀರು ಇಳಿದ ಮೇಲೆಯೂ ಮಳೆಯ ಸದ್ದು ಕೇಳಿದೊಡನೆ ನಿದ್ರೆ ಹಾರಿಹೋಗುವುದುಂಟು. ಕಾರಣ ಹೋದ ಮೇಲೂ ಉಳಿದುಬಿಡುವ ಈ ಭಯ, ಇನ್ನೂ ಬಾರದ ನಾಳೆಯನ್ನು ಇಂದೇ ಅನುಭವಿಸುವ ಚಿಂತೆ, ಇವೆರಡರ ವಿಚಾರವಾಗಿಯೇ ನಾನು ಬರೆಯಹೊರಟಿರುವುದು.

ಯೇಸುಸ್ವಾಮಿಯು ಚಿಂತೆಯನ್ನು ಕುರಿತು ಹೇಳಿದ ಪ್ರಸಿದ್ಧವಾದ ಉಪದೇಶವು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದ ಕೊನೆಯ ಭಾಗದಲ್ಲಿದೆ. ಆಕಾಶದ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ, ಅನ್ನವಸ್ತ್ರಗಳಿಗಾಗಿ ತಳಮಳಿಸಬೇಡಿರೆಂದು ಆತನು ಹೇಳುತ್ತಾನೆ. ಹೊಟ್ಟೆ ತುಂಬಿದವರಿಗೆ ಇದು ಸುಲಭವಾದ ಮಾತೆಂದು ಕೆಲವರು ಆಕ್ಷೇಪಿಸುವುದುಂಟು. ಆದರೆ ಅದನ್ನು ಕೇಳುತ್ತಿದ್ದವರು ಯಾರು? ರೋಮ್ ಸಾಮ್ರಾಜ್ಯದ ತೆರಿಗೆಯ ಭಾರವನ್ನು ಹೊತ್ತ ಗಲಿಲಾಯ ಸೀಮೆಯ ಬೇಸಾಯಗಾರರು, ಬೆಸ್ತರು, ದಿನಗೂಲಿಯವರು. ಅದೇ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದಲ್ಲಿ, ಯಾರೂ ಕರೆಯದ ಕಾರಣ ಸಂಜೆಯ ತನಕ ಪೇಟೆಯಲ್ಲಿ ನಿಂತೇ ಇದ್ದ ಕೂಲಿಗಳ ಸಾಮ್ಯವಿದೆ. ಬೆಳಿಗ್ಗೆ ನಾಲ್ಕು ದಾರಿ ಕೂಡುವಲ್ಲಿ ಬುತ್ತಿ ಹಿಡಿದು ಮೇಸ್ತ್ರಿಯ ದಾರಿ ಕಾಯುವವರನ್ನು ನೋಡಿದ ಪಾಲಮೂರಿನ ಜನರಿಗೆ ಆ ಚಿತ್ರವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ನಮ್ಮ ಸೀಮೆಯಿಂದ ಮುಂಬಯಿ, ಪುಣೆಗಳಿಗೆ ಗುಳೆ ಹೋದ ಸಂಸಾರಗಳೆಷ್ಟೋ! ಅಂದಿನ ಅನ್ನ ಅಂದಂದೇ ಹುಟ್ಟಬೇಕಾದವರ ಮುಂದೆ ಆ ಮಾತು ಆಡಲ್ಪಟ್ಟಿತೆಂಬುದನ್ನು ಮರೆತರೆ ಅದರ ಅರ್ಥವೇ ಕೆಡುತ್ತದೆ.

ಬಿತ್ತಬೇಡಿರಿ, ಕೂಡಿಡಬೇಡಿರಿ, ದೇವರು ನೋಡಿಕೊಳ್ಳುವನು ಎಂಬುದು ಅದರ ತಾತ್ಪರ್ಯವಲ್ಲ. ಹಕ್ಕಿಯು ಬೆಳಗಾಗುತ್ತಲೇ ಕಾಳು ಹುಡುಕುತ್ತ ಹಾರುತ್ತದೆ, ಗೂಡು ಕಟ್ಟುತ್ತದೆ, ಸೋಮಾರಿಯಾದ ಹಕ್ಕಿಯನ್ನು ನಾನಂತೂ ಕಂಡಿಲ್ಲ. ಯೇಸು ತೆಗೆದುಹಾಕಿದ್ದು ಕೆಲಸವನ್ನಲ್ಲ, ಕೆಲಸದ ಮೇಲೆ ಹೇರಿಕೊಂಡ ನಾಳೆಯ ಹೊರೆಯನ್ನು. ನಾಳೆಯು ನನ್ನ ಕೈಯಲ್ಲಿಲ್ಲ, ಆದರೆ ಯಾರ ಕೈಯಲ್ಲಿಯೂ ಇಲ್ಲದೆ ಅನಾಥವಾಗಿಯೂ ಇಲ್ಲ. ನನ್ನನ್ನು ಮಗನೆಂದು ಬಲ್ಲ ತಂದೆಯೊಬ್ಬನ ಕೈಯಲ್ಲಿದೆ. ಇದೇ ಕ್ರೈಸ್ತ ವಿಶ್ವಾಸದ ತಳಹದಿ.

ಕನ್ನಡಿಗರಿಗೆ ಈ ಭಾವ ಹೊಸದಲ್ಲ. ಮನಸ್ಸೇ ತಲ್ಲಣಿಸಬೇಡವೆಂದು ಸಂತೈಸುವ ಕನಕದಾಸರ ಕೀರ್ತನೆಯನ್ನು ನಮ್ಮ ಶಾಲೆಯ ಎಷ್ಟೋ ಮಕ್ಕಳು ಹಾಡಿದ್ದಾರೆ. ಬೆಟ್ಟದ ತುದಿಯ ಮರಕ್ಕೆ ನೀರೆರೆದವರನ್ನೂ ಕಲ್ಲೊಳಗಿನ ಕಪ್ಪೆಗೆ ಆಹಾರವಿತ್ತವರನ್ನೂ ಅವರು ನೆನಪಿಸುತ್ತಾರೆ. ಗಲಿಲಾಯದ ಹಕ್ಕಿಗೂ ಕಾಗಿನೆಲೆಯ ಕಪ್ಪೆಗೂ ಎಂತಹ ನೆಂಟಸ್ತನ! ಗದ್ವಾಲ ಸೀಮೆಯ ಉತ್ತನೂರಿನಲ್ಲಿ ಗೋಪಾಲದಾಸರು ಕನ್ನಡದಲ್ಲಿ ಹಾಡಿದ ನೆಲದವರು ನಾವು; ಇಂತಹ ಮಾತು ನಮ್ಮ ಕಿವಿಗೆ ಬೇಗ ಹಿಡಿಸುತ್ತದೆ. ಎರಡು ಧರ್ಮಗಳೂ ಒಂದೇ ಎಂದು ಸುಲಭವಾಗಿ ಹೇಳಿಬಿಡುವ ಪದ್ಧತಿ ನನಗೆ ಒಪ್ಪಿತವಲ್ಲ. ಆದರೆ ಹಸಿವೆಯ ಮುಂದೆ ನಿಂತ ಮನುಷ್ಯನು ಎರಡೂ ಕಡೆ ಕಣ್ಣೆತ್ತಿ ನೋಡಿದ್ದು ಸೃಷ್ಟಿಯ ಸಣ್ಣ ಜೀವಗಳನ್ನೇ ಎಂಬುದು ನಿಜ.

ಇಲ್ಲಿ ನನ್ನ ತಾಯಿಯ ಮಾತನ್ನು ಹೇಳದಿರಲಾರೆ. 1972ರ ಬರಗಾಲ, ನಮ್ಮ ಶಾಲೆ ಇನ್ನೂ ಹುಟ್ಟಿರಲಿಲ್ಲ, ನನಗೆ ಏಳು ವರ್ಷ. ತಂದೆಯವರು ಕೂಲಿಗಾಗಿ ಊರು ಬಿಟ್ಟಿದ್ದರು. ಅವ್ವ ರಾತ್ರಿ ನಮ್ಮನ್ನೆಲ್ಲ ಸುತ್ತ ಕೂಡಿಸಿಕೊಂಡು ಒಬ್ಬೊಬ್ಬರ ಹೆಸರನ್ನೂ ಎತ್ತಿ ಪ್ರಾರ್ಥನೆ ಮಾಡುತ್ತಿದ್ದಳು; ಕೊಟ್ಟಿಗೆಯ ಎಮ್ಮೆಯ ಹೆಸರೂ ಅದರಲ್ಲಿ ಬರುತ್ತಿತ್ತು. ಆಮೇನ್ ಎಂದ ಕೂಡಲೆ ಎದ್ದು ಹೋಗಿ ಗಡಿಗೆಯಲ್ಲಿದ್ದ ಜೋಳವನ್ನು ಅಳೆದು, ಇನ್ನೆಷ್ಟು ದಿನಕ್ಕೆ ಬರುತ್ತದೆಂದು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಹಾಕುತ್ತಿದ್ದಳು. ದೇವರು ಕೊಡುತ್ತಾನೆಂದು ಈಗ ತಾನೇ ಹೇಳಿದೆಯಲ್ಲ, ಮತ್ತೇಕೆ ಅಳೆಯುವೆ ಎಂದು ಅಣ್ಣನು ಕೇಳಿದನು. ಕೊಟ್ಟದ್ದೆಷ್ಟೆಂದು ನೋಡುವುದು ಬೇಡವೇನೋ ಎಂದಳು. ಲೆಕ್ಕ ಮಾಡುವುದು ಬೇರೆ, ಚಿಂತೆ ಮಾಡುವುದು ಬೇರೆ ಎಂಬ ಭೇದವನ್ನು ಯಾವ ದೇವಜ್ಞಾನದ ಗ್ರಂಥವೂ ನನಗೆ ಇದಕ್ಕಿಂತ ಸ್ಪಷ್ಟವಾಗಿ ತಿಳಿಸಿಲ್ಲ. ಅಳೆದಾದ ಮೇಲೆ ಅವಳು ಮಲಗುತ್ತಿದ್ದಳು, ನಿದ್ರೆಯೂ ಬರುತ್ತಿತ್ತು.

ಭಯದಿಂದ ಕುಸಿದುಹೋದವರನ್ನು ದೇವರು ಹೇಗೆ ನಡೆಸುತ್ತಾನೆಂಬುದಕ್ಕೆ ಸತ್ಯವೇದದಲ್ಲಿ ನನಗೆ ಅತ್ಯಂತ ಪ್ರಿಯವಾದ ಕಥೆ ಎಲೀಯ ಪ್ರವಾದಿಯದು. ಅದು ಅರಸುಗಳು ಪ್ರಥಮ ಭಾಗದ ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ. ಕರ್ಮೆಲ್ ಬೆಟ್ಟದ ಮೇಲೆ ನೂರಾರು ಜನರ ಎದುರಿಗೆ ಒಬ್ಬನೇ ನಿಂತ ಧೀರನು ಆತ. ಆದರೆ ಈಜೆಬೆಲ್ ರಾಣಿಯು ಕೊಲ್ಲಿಸುವೆನೆಂದು ಹೇಳಿಕಳುಹಿಸಿದೊಡನೆ ಪ್ರಾಣಭಯದಿಂದ ಓಡಿದನು. ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು, ಅಡವಿಯಲ್ಲಿ ಒಂದು ದಿನದ ದಾರಿ ನಡೆದು, ಒಂದು ಕುರುಚಲು ಗಿಡದ ಕೆಳಗೆ ಕುಳಿತು, ತನಗೆ ಸಾವು ಬರಲೆಂದು ಬೇಡಿಕೊಂಡನು. ಆಗ ದೇವರು ಏನು ಮಾಡಿದನು? ಬೈಯಲಿಲ್ಲ. ನಿನ್ನ ವಿಶ್ವಾಸ ಎಲ್ಲಿ ಹೋಯಿತೆಂದು ಕೇಳಲಿಲ್ಲ. ನಿದ್ರೆ ಮಾಡಗೊಟ್ಟನು. ದೂತನು ತಟ್ಟಿ ಎಬ್ಬಿಸಿದಾಗ ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ನೀರಿನ ತಂಬಿಗೆಯೂ ಇದ್ದವು. ಉಂಡು ಮತ್ತೆ ಮಲಗಿದನು. ಎರಡನೆಯ ಸಲವೂ ಎಬ್ಬಿಸಿ ಊಟ ಮಾಡಿಸಲಾಯಿತು, ಮುಂದಿನ ದಾರಿ ದೂರವಿದೆಯೆಂಬ ಕಾರಣ ಹೇಳಿ. ನಲವತ್ತು ದಿನಗಳ ನಡಿಗೆಯಾದ ಮೇಲೆಯೇ ಹೋರೇಬ್ ಬೆಟ್ಟದಲ್ಲಿ ಮಾತುಕತೆ ನಡೆದದ್ದು. ಅಲ್ಲಿಯೂ ದೇವರು ಬಿರುಗಾಳಿಯಲ್ಲಿರಲಿಲ್ಲ, ಭೂಕಂಪದಲ್ಲಿರಲಿಲ್ಲ, ಬೆಂಕಿಯಲ್ಲಿರಲಿಲ್ಲ; ಮೃದುವಾದ ಸ್ವರದಲ್ಲಿದ್ದನು. ತಾನೊಬ್ಬನೇ ಉಳಿದಿದ್ದೇನೆಂದು ಗೋಳಾಡಿದವನಿಗೆ, ಇನ್ನೂ ಏಳು ಸಾವಿರ ಜನರಿದ್ದಾರೆಂದು ತಿಳಿಸಿ, ಎಲೀಷನೆಂಬ ಜೊತೆಗಾರನನ್ನು ಕೊಟ್ಟನು.

ಈ ಕ್ರಮವನ್ನು ಗಮನಿಸಿರಿ: ಮೊದಲು ನಿದ್ರೆ, ಅನ್ನ, ನೀರು, ಆಮೇಲೆ ಸಾವಕಾಶ, ಆಮೇಲೆ ಮಾತು, ಅದೂ ಮೆಲ್ಲನೆ, ಕೊನೆಗೆ ಒಂದು ಕೆಲಸ ಮತ್ತು ಒಬ್ಬ ಸಂಗಾತಿ. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಪರೀಕ್ಷೆಯಲ್ಲಿ ನಪಾಸಾದ ಮಗ ಬಾಗಿಲಿಗೆ ಬಂದೊಡನೆ ಮಾತೇ ಮೊದಲು, ಅದೂ ಬಿರುಗಾಳಿಯ ಮಾತು. ಅನ್ನ ಬಹಳ ತಡವಾಗಿ. 2019ರ ಏಪ್ರಿಲ್ ತಿಂಗಳಲ್ಲಿ ತೆಲಂಗಾಣದ ಇಂಟರ್‌ಮೀಡಿಯೆಟ್ ಫಲಿತಾಂಶ ಪ್ರಕಟವಾದ ಬಳಿಕ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ನಾರಾಯಣಪೇಟೆಯು ಜಿಲ್ಲೆಯಾಗಿ ಆಗ ಎರಡು ತಿಂಗಳು; ಆ ಸಂಭ್ರಮದ ನಡುವೆ ಬಂದ ಆ ಸುದ್ದಿಯನ್ನು ಇಂದಿಗೂ ಮರೆಯಲಾಗಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಮುಂದೆ ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ಕೂರುವ ನಮ್ಮ ಗಡಿನಾಡಿನ ಮಗುವಿನ ಅಂಜಿಕೆ ಇತರರಿಗಿಂತ ಒಂದು ಪಾಲು ಹೆಚ್ಚೇ. ಫಲಿತಾಂಶದ ದಿನ ಅಂತಹ ಮಗುವಿನ ಮುಂದೆ ಮೊದಲು ರೊಟ್ಟಿ ಮತ್ತು ನೀರು ಇಡುವಷ್ಟು ದೈವಭಕ್ತಿ ನಮಗೆಲ್ಲರಿಗೂ ಬೇಕಾಗಿದೆ.

ಭಯಪಡುವುದು ಅವಿಶ್ವಾಸದ ಗುರುತು, ಅದೇ ಒಂದು ಪಾಪವೆಂದು ಗದರಿಸುವ ಉಪದೇಶಕರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಸತ್ಯವೇದದಲ್ಲಿ ಭಯಪಡಬೇಡವೆಂಬ ಮಾತು ದಿನಕ್ಕೊಂದರಂತೆ 365 ಸಲ ಬರುತ್ತದೆಂದು ಕೆಲವರು ವೇದಿಕೆಯಿಂದ ಹೇಳುವುದುಂಟು; ಎಣಿಸಿದರೆ ಅಷ್ಟಾಗುವುದಿಲ್ಲ. ಬಹಳ ಸಲ ಬರುತ್ತದೆಂಬುದಂತೂ ಸತ್ಯ. ಆದರೆ ಅದು ಬರುವುದು ತಾಯಿಯು ಕತ್ತಲಲ್ಲಿ ಅಳುವ ಕೂಸಿಗೆ ಹೇಳುವ ರೀತಿಯಲ್ಲಿ, ಪೊಲೀಸರು ಅಪರಾಧಿಗೆ ಹೇಳುವ ರೀತಿಯಲ್ಲಲ್ಲ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಕಳವಳಗೊಂಡನು. ತನ್ನೊಡನೆ ಎಚ್ಚರವಾಗಿರಿರೆಂದು ಮೂವರು ಶಿಷ್ಯರನ್ನು ಬೇಡಿಕೊಂಡನು. ಅವರು ನಿದ್ರೆಹೋದರು. ಫಿಲಿಪ್ಪಿಯವರಿಗೆ ಚಿಂತಿಸಬೇಡಿರೆಂದು ಬರೆದ ಪೌಲನು ಆ ಪತ್ರಿಕೆಯನ್ನು ಬರೆದದ್ದು ಸೆರೆಯಲ್ಲಿದ್ದುಕೊಂಡು. ಕಾಯಿಲೆ ಬಿದ್ದಿದ್ದ ಗೆಳೆಯ ಎಪಫ್ರೊದೀತನಿಗಾಗಿ ತಾನು ಪಟ್ಟ ವ್ಯಥೆಯನ್ನು ಅದೇ ಪತ್ರಿಕೆಯಲ್ಲಿ ಆತನು ಮುಚ್ಚಿಡುವುದಿಲ್ಲ. ಸಭೆಗಳ ಚಿಂತೆ ದಿನವೂ ತನ್ನನ್ನು ಒತ್ತುತ್ತದೆಂದು ಕೊರಿಂಥದವರಿಗೆ ಬರೆಯುತ್ತಾನೆ. ತನಗೆ ಎಂದೂ ಚಿಂತೆಯಿಲ್ಲವೆಂದು ಆತನು ಹೇಳಿಕೊಂಡಿದ್ದರೆ ನಾನು ಆ ಪತ್ರಿಕೆಗಳನ್ನು ಇಷ್ಟು ನಂಬುತ್ತಿರಲಿಲ್ಲ. ಆತನು ಹೇಳುವ ಉಪಾಯವೂ ಸರಳವಾದದ್ದು: ಚಿಂತೆಯನ್ನು ನುಂಗಿಕೊಳ್ಳದೆ, ಹೆಸರಿಟ್ಟು ದೇವರಿಗೆ ತಿಳಿಸುವುದು, ತಿಳಿಸುವಾಗ ಹಿಂದೆ ದೊರೆತದ್ದಕ್ಕೆ ಕೃತಜ್ಞತೆಯನ್ನೂ ಸೇರಿಸುವುದು. ಹೆಸರಿಲ್ಲದ ಕಳವಳವು ಮನೆಯ ತುಂಬ ಹೊಗೆಯಂತೆ ಹರಡುತ್ತದೆ. ಬ್ಯಾಂಕಿನ ಸಾಲ, ಮಗಳ ಮದುವೆ, ಬಾವಿಯ ನೀರು ಎಂದು ಬಿಡಿಸಿ ಹೇಳಿದಾಗ ಅದು ನಾಲ್ಕು ಕಟ್ಟಿಗೆಗಳಾಗಿ ಕಣ್ಣಿಗೆ ಕಾಣುತ್ತದೆ.

ಈ ವಿಶ್ವಾಸವು ಕಷ್ಟ ಬಾರದೆಂಬ ಭರವಸೆಯಲ್ಲ. ಕುರುಬನನ್ನು ಕುರಿತ ಇಪ್ಪತ್ತಮೂರನೆಯ ಕೀರ್ತನೆಯು ಕತ್ತಲೆಯ ಕಣಿವೆ ಇಲ್ಲವೆನ್ನುವುದಿಲ್ಲ. ಅಲ್ಲಿ ಜೊತೆಗೊಬ್ಬನಿದ್ದಾನೆ ಎನ್ನುತ್ತದೆ. ಕುರಿಗಳ ಹಿಂದೆ ಕೋಲು ಹಿಡಿದು ನಡೆದವರು ನಮ್ಮೂರಿನಲ್ಲಿ ಇಂದಿಗೂ ಇದ್ದಾರೆ; ಆ ಕೋಲು ಕುರಿಯನ್ನು ಹೊಡೆಯಲೆಂದಲ್ಲ, ತೋಳವನ್ನು ಹೊಡೆಯಲೆಂದು ಇರುವುದೆಂಬುದನ್ನು ಅವರೇ ಹೇಳಿಯಾರು.

ತನ್ನ ಭಯವನ್ನು ಗೆದ್ದವನು ಇತರರ ಭಯದ ಬಳಿಗೆ ಹೋಗಬಲ್ಲನು. ರಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಡಾ. ಕ್ಯಾಥರೀನಾ ಶೆಲ್ಲೆನ್‌ಬರ್ಗ್ ಎಂಬ ಮೆನೊನೈಟ್ ವೈದ್ಯೆ 1907ರಲ್ಲಿ ನಿಜಾಮರ ಸೀಮೆಗೆ ಬಂದು, ನಮ್ಮ ಹಳೆಯ ಪಾಲಮೂರು ಜಿಲ್ಲೆಯ ನಾಗರ್‌ಕರ್ನೂಲು ಮೊದಲಾದ ಕಡೆ ದುಡಿದು, 1945ರಲ್ಲಿ ಶಂಷಾಬಾದಿನಲ್ಲಿ ತೀರಿಕೊಂಡರು. ನಿಜಾಮಾಬಾದ್ ಬಳಿಯ ಡಿಚ್‌ಪಲ್ಲಿಯಲ್ಲಿ ಡಾ. ಇಸಾಬೆಲ್ ಕೆರ್ 1915ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಯನ್ನು ಆರಂಭಿಸಿದರು. ಅದಕ್ಕೆ ದಾನ ಕೊಟ್ಟವರು ರಾಜಾ ನರಸಾಗೌಡರೆಂಬ ಹಿಂದೂ ಮಹನೀಯರು. ಕುಷ್ಠವೆಂದರೆ ಹೆಂಡಿರು ಮಕ್ಕಳೂ ದೂರ ಸರಿಯುತ್ತಿದ್ದ ಕಾಲವದು. ಸುವಾರ್ತೆಯಲ್ಲಿ ಯೇಸು ಕುಷ್ಠರೋಗಿಯನ್ನು ಕೈನೀಡಿ ಮುಟ್ಟಿದ ಪ್ರಸಂಗವೇ ಇಂತಹವರಿಗೆ ಧೈರ್ಯ ಕೊಟ್ಟಿತು. ಆದರೆ ಆಕೆ ಪ್ರಾರ್ಥನೆಯೊಡನೆ ಚಾಲ್ಮೊಗ್ರ ಎಣ್ಣೆಯ ಚುಚ್ಚುಮದ್ದನ್ನೂ ಕೊಟ್ಟರು, ಅಂದು ದೊರೆಯುತ್ತಿದ್ದುದರಲ್ಲಿ ಉತ್ತಮವಾದ ಚಿಕಿತ್ಸೆ ಅದು. 1981ರಿಂದೀಚೆಗೆ ಬಳಕೆಗೆ ಬಂದ ಬಹುಔಷಧ ಚಿಕಿತ್ಸೆಯಿಂದ ಆ ರೋಗವು ಪೂರ್ಣವಾಗಿ ಗುಣವಾಗುತ್ತದೆ. ವಿಶ್ವಾಸವು ವೈದ್ಯೆಯನ್ನು ರೋಗಿಯ ಬಳಿಗೆ ಕರೆತಂದಿತು; ರೋಗವನ್ನು ವಾಸಿಮಾಡಿದ್ದು ಔಷಧ.

ಮನಸ್ಸಿನ ಕಾಯಿಲೆಗೂ ಈ ಮಾತು ಸಲ್ಲುತ್ತದೆ. ವಾರಗಟ್ಟಲೆ ನಿದ್ರೆ ಇಲ್ಲದಿರುವುದು, ಊಟ ಸೇರದಿರುವುದು, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು, ಬದುಕು ಬೇಡವೆನಿಸುವುದು, ಇವು ಕಂಡುಬಂದರೆ ಪ್ರಾರ್ಥನೆಯೂ ಇರಲಿ, ವೈದ್ಯರ ಬಳಿಗೂ ಹೋಗಬೇಕು. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವ ಪಾದ್ರಿಗಳೇ ಮನಸ್ಸಿನ ಕಾಯಿಲೆಗೆ ಔಷಧಿ ಬೇಡವೆನ್ನುವುದು ನ್ಯಾಯವಲ್ಲ. ಭಾರತ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿದೆ. ಅದರ ಸಂಖ್ಯೆ 14416. ಹಗಲೂ ರಾತ್ರಿಯೂ ಕರೆಯಬಹುದು. ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಮಾತನಾಡುವವರಿದ್ದಾರೆ. ಈ ಸಂಖ್ಯೆಯನ್ನು ಹತ್ತನೆಯ ತರಗತಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕೆಂದು ಶಾಲೆಯ ಆಡಳಿತ ಮಂಡಳಿಯವರನ್ನು ಈ ಮೂಲಕ ಕೋರುತ್ತೇನೆ. ಬಣ್ಣದ ಖರ್ಚನ್ನು ಹಳೆಯ ವಿದ್ಯಾರ್ಥಿಗಳಾದ ನಾವು ವಹಿಸಿಕೊಳ್ಳುತ್ತೇವೆ.